ಅಳತೆ

ಕಲ್ಲು ಕ್ವಾರಿ ಮುಚ್ಚಿಸುವ ನಿರ್ಣಯ ಅಂದು ಪಂಚಾಯಿತಿ ಸಭೆಯ ಮುಂದೆ ಬರುವುದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಅಧ್ಯಕ್ಷೆಯ ಹೊಸ್ತಿಲ ಮೇಲೊಂದು ಬಿಳಿ ಸೀರೆ, ಜೊತೆಗೆ ಹೊಲಿದಿಟ್ಟ ಬಿಳಿ ರವಿಕೆ.

ಗಂಡ ಬೆವರಿದ. "ನನ್ನನ್ನ ಮುಗಿಸ್ತೀವಿ ಅಂತ ಹೇಳಿ ಕಳಿಸಿದ್ದಾರೆ ಕಣೇ. ಆ ನಿರ್ಣಯ ಕೈಬಿಡು. ನಿನ್ನ ತಾಳಿಗಿಂತ ಊರು ಹೆಚ್ಚಾ?"

ಅವಳು ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ಹೊರಬಂದಾಗ ಅದನ್ನೇ ಉಟ್ಟಿದ್ದಳು.

"ಅಯ್ಯೋ, ನಾನಿನ್ನೂ ಬದುಕಿದ್ದೀನಲ್ಲೇ!"

"ಸಭೆಗೆ ಇದನ್ನೇ ಉಟ್ಕೊಂಡು ಹೋಗ್ತೀನಿ. ನಿರ್ಣಯ ಇವತ್ತೇ ಪಾಸಾಗುತ್ತೆ."

ಹೊಸ್ತಿಲು ದಾಟಿದವಳು ತಿರುಗಿ ನಿಂತು ರವಿಕೆಯ ತೋಳು ಸವರಿಕೊಂಡಳು.

"ಹೇಳಿ ಹೊಲಿಸಿದ ಹಾಗೆ ಕೂತಿದೆ. ನನ್ನ ಅಳತೆ ರವಿಕೆ ಟೈಲರ್ ಕೈಗೆ ಯಾವಾಗ ಕೊಟ್ರಿ?"