ಕೈಕೊಟ್ಟ ಗುಂಡಿಗಳು

“ಇದನ್ನ ನನ್ನ ಕಣ್ಣೆದುರೇ ಬಿಚ್ಚು ಕಣಮ್ಮ. ಈ ಸಲ ಬಿಟ್ಟು ಹೋಗೋ ಮಾತೇ ಇಲ್ಲ.”

ಮೇಷ್ಟ್ರು ಸಿಂಥಸೈಜರನ್ನು ರಿಪೇರಿಯವಳ ಮೇಜಿನ ಮೇಲಿಟ್ಟು, ಅದರ ಮೇಲಿಟ್ಟ ಕೈ ತೆಗೆಯದೆ ನಿಂತರು. ಸಂಗೀತದ ತಂಡದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಎಷ್ಟೋ ವರ್ಷಗಳಿಂದ ಅದೇ ವಾದ್ಯ. ದನಿ ಬದಲಿಸುವ ಗುಂಡಿಗಳ ಮೇಲಿನ ಅಕ್ಷರಗಳು ಪೂರ್ತಿ ಅಳಿಸಿಹೋಗಿದ್ದವು. ಯಾವುದು ಕೊಳಲು, ಯಾವುದು ಪಿಟೀಲು ಎಂದು ಅವರು ನೋಡಿ ಒತ್ತಿದ್ದೇ ಇಲ್ಲ.

ಈಚೆಗೆ ಆ ಗುಂಡಿಗಳು ಕೈಕೊಡತೊಡಗಿದ್ದವು. ಕಳೆದ ಕಾರ್ಯಕ್ರಮದಲ್ಲಂತೂ ಮರ್ಯಾದೆಯೇ ಹೋಗಿತ್ತು. ವೇದಿಕೆಯ ಮೇಲೆ ಅವರ ತಂಗಿ ಜೋಗುಳ ಹಾಡುತ್ತಿದ್ದಳು. ಕೊಳಲು ಬರಬೇಕಾದ ಕಡೆ ಕಹಳೆ ಮೊಳಗಿತು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಲ ಬೇರೆ ಯಾರನ್ನಾದರೂ ಕೂರಿಸೋಣವೇ ಎಂದು ತಂಡದ ಯಜಮಾನ ತಂಗಿಯನ್ನು ಕೇಳಿದ್ದು ಮೇಷ್ಟ್ರ ಕಿವಿಗೂ ಬಿದ್ದಿತ್ತು.

ರಿಪೇರಿಯವಳು ಆಗಲೇ ಎರಡು ಸಲ ಗುಂಡಿ ಬದಲಿಸಿದ್ದಳು. ಅಂಗಡಿಯಲ್ಲಿ ಅವಳು ಒತ್ತಿ ತೋರಿಸಿದಾಗ ಎಲ್ಲ ಸರಿ, ಮನೆಗೆ ಹೋದರೆ ಹಳೇ ಪಾಡು. ಅವಳ ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿಟ್ಟ ಹೊಸ ವಾದ್ಯವೊಂದು ಮಿರಿಮಿರಿ ಮಿಂಚುತ್ತಿತ್ತು.

“ಹಳೇದು ಕೆಟ್ಟರೆ ತಾನೇ ಹೊಸದು ಹೋಗೋದು,” ಎಂದು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೇಷ್ಟ್ರು ತಂಗಿಗೆ ಹೇಳಿದ್ದರು. ಆ ಮಾತಿನ ಭರದಲ್ಲಿ ಅವರ ಒಂದು ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿದಿತ್ತು. ತಂಗಿ ಎತ್ತಿಕೊಂಡು ಬಂದಳು.

“ಎಲ್ಲಿತ್ತೇ ಅದು?”

“ಕೆಳಗೆ, ಮೆಟ್ಟಿಲ ಮೇಲೆ. ಸಿಟ್ಟು ಬಂದರೆ ನಿನಗೆ ಮೈಮೇಲೆ ಪ್ರಜ್ಞೆನೇ ಇರಲ್ಲ ಅಣ್ಣ.”

ರಿಪೇರಿಯವಳು ವಾದ್ಯದ ಮುಚ್ಚಳ ಬಿಚ್ಚಿದಳು. ಹೊಸ ಗುಂಡಿಗಳ ಪೊಟ್ಟಣವನ್ನು ಮೇಷ್ಟ್ರು ಕಿತ್ತುಕೊಂಡು, ಬೆಳಕಿಗೆ ಹಿಡಿದು, ಸೀಲು ಒಡೆದಿಲ್ಲವೆಂದು ಖಾತ್ರಿಯಾದ ಮೇಲೇ ಮರಳಿ ಕೊಟ್ಟರು. ಅವಳು ಕಾದ ಸೋಲ್ಡರಿಂಗ್ ಐರನ್ನಿನ ತುದಿಯಿಂದ ಹಳೆಯ ಬೆಸುಗೆ ಕರಗಿಸಿ, ಒಂದೊಂದನ್ನೇ ಕಿತ್ತು ಹೊಸದನ್ನು ಕೂರಿಸುತ್ತ ಹೋದಳು.

ಅಷ್ಟರಲ್ಲಿ ಚಹಾ ಬಂತು. ತಂಗಿ ಸ್ಟೀಲ್ ಲೋಟವನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು ಊದತೊಡಗಿದಳು. ಮೇಷ್ಟ್ರಿಗೆ ಅತ್ತ ಗಮನವೇ ಇಲ್ಲ. ತಮ್ಮ ಲೋಟವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ರಿಪೇರಿಯವಳ ಕೈಗಳನ್ನೇ ಕಾಯುತ್ತಿದ್ದರು.

ಕೊನೆಗೆ ಅವಳು ವಾದ್ಯಕ್ಕೆ ಕರೆಂಟು ಕೊಟ್ಟಳು. ಕೊಳಲಿನ ಗುಂಡಿ ಒತ್ತಿದಳು, ಅದರ ದೀಪ ಹತ್ತಿತು. ಪಿಟೀಲು, ಹತ್ತಿತು. ಕಹಳೆ, ಅದೂ ಹತ್ತಿತು.

“ಈಗ ನೀವು ನೋಡಿ ಮೇಷ್ಟ್ರೇ.”

ಮೇಷ್ಟ್ರು ಒತ್ತಿದರು. ದೀಪ ಹತ್ತಲಿಲ್ಲ. ಮತ್ತೆ ಒತ್ತಿದರು. ಕೊಳಲಿನ ಬದಲು ಪಕ್ಕದ ಕಹಳೆ ಹತ್ತಿತು.

“ಸಿಕ್ಕಿಬಿದ್ದೆ ನೋಡು! ಹತ್ತಿಯ ಉಂಡೆ ಒತ್ತಿದ ಹಾಗಿದೆ. ಹೊಸ ಬಟನ್ ಆದ್ರೆ ಬೆರಳಿಗೆ ಟಕ್ ಅಂತ ಗೊತ್ತಾಗ್ಬೇಕು.”

“ಗೊತ್ತಾಗುತ್ತಲ್ಲ ಮೇಷ್ಟ್ರೇ?”

“ನಿನಗೆ ಗೊತ್ತಾಗುತ್ತೆ! ನೀನು ಒತ್ತಿದ್ರೆ ಬರುತ್ತೆ, ನಾನು ಒತ್ತಿದ್ರೆ ಬರಲ್ಲ. ಏನು ಕೈಚಳಕ ಮಾಡಿದೀಯ, ಹೇಳು.”

ತಂಗಿ ನೆಲ ನೋಡಿದಳು. ಮೇಷ್ಟ್ರಿಗೆ ಅವಳ ಮೇಲೂ ಅನುಮಾನ ಬಂತು.

“ನೀನೂ ಇವಳ ಜೊತೆ ಸೇರ್ಕೊಂಡಿದೀಯಾ? ಯಜಮಾನ ಹೇಳಿಕೊಟ್ಟಿದ್ದಾನಾ? ನನ್ನನ್ನು ತಂಡದಿಂದ ಎಬ್ಬಿಸೋಕೆ ಇಷ್ಟೆಲ್ಲ ನಾಟಕವಾ?”

“ಅಣ್ಣ, ಹಾಗನ್ನಬೇಡ,” ಎಂದಳು ತಂಗಿ.

ಮೇಷ್ಟ್ರು ಮೇಜಿಗೆ ಎಡಗೈ ಊರಿ, ತೆರೆದ ವಾದ್ಯದೊಳಗೆ ಬಗ್ಗಿದರು. ಎಲ್ಲೋ ಏನನ್ನೋ ಬಚ್ಚಿಟ್ಟಿರಲೇಬೇಕು. ಒಂದೊಂದೇ ತಂತಿಯನ್ನು ಬಲಗೈಯಿಂದ ಸರಿಸಿ ನೋಡಿದರು.

ಆಗ ಕಮರು ವಾಸನೆ ಬಂತು.

“ಸುಡ್ತಿದೆ! ಒಳಗೇನೋ ಸುಡ್ತಿದೆ! ನೋಡೇ, ನೀನೇ ಸಾಕ್ಷಿ. ಬೇಕಂತಲೇ ಸುಟ್ಟುಬಿಟ್ಟಳು!”

ರಿಪೇರಿಯವಳು ಗಾಬರಿಯಿಂದ ವಾದ್ಯದ ಪ್ಲಗ್ ಕಿತ್ತಳು. ದೀಪಗಳೆಲ್ಲ ಆರಿದವು. ವಾಸನೆ ಮಾತ್ರ ಹೆಚ್ಚುತ್ತಲೇ ಹೋಯಿತು.

“ಅಣ್ಣಾ! ಕೈ! ಕೈ ತೆಗಿ!” ತಂಗಿ ಚೀರಿದಳು.

ಮೇಜಿನಂಚಿನಲ್ಲಿದ್ದ ಕಾದ ಸೋಲ್ಡರಿಂಗ್ ಐರನ್ನಿಗೆ ಒತ್ತಿಕೊಂಡು ಮೇಷ್ಟ್ರ ಎಡಗೈ ಬೆರಳು ಸುಡುತ್ತಿತ್ತು. ಮೇಷ್ಟ್ರು ಇನ್ನೂ ವಾದ್ಯದೊಳಗೆ ಹೊಗೆ ಹುಡುಕುತ್ತಿದ್ದರು.