ಬಸಲಿಂಗಮ್ಮನ ಸಿಟ್ಟು ರೋಗವಲ್ಲ…

ಇದನ್ನು ಓದಿ ನಿಮಗೂ ಸಿಟ್ಟು ಬಂದರೆ ಬರಲಿ… ಬರಲೇಬೇಕು.

ಧಾರವಾಡದಲ್ಲಿ ಡಾ. ಶಾಲ್ಮಲಾ ಎಂಬ ಮನಶ್ಶಾಸ್ತ್ರ ಸಂಶೋಧಕಿ ಇದ್ದರು. ವಯಸ್ಸಾದಂತೆ ನಮ್ಮ ನೆನಪು, ಯೋಚನೆ ಹೇಗೆ ಬದಲಾಗುತ್ತವೆ ಎಂಬುದೇ ಅವರ ಅಧ್ಯಯನ.

ಒಂದು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯ ಗುರುಶಾಂತ ತನ್ನ ತಾಯಿಯನ್ನು ಅವರ ಬಳಿ ಕರೆತಂದ. ತಾಯಿ ಬಸಲಿಂಗಮ್ಮ… ಎಪ್ಪತ್ತು ದಾಟಿದವರು. ಓಣಿಯ ಎಷ್ಟೋ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು.

“ಅವ್ವಗ ಭಾಳ ಮರವು ಆಗೇತ್ರಿ ಮೇಡಂ. ಒಲಿ ಮ್ಯಾಲೆ ಹಾಲಿಟ್ಟು ಉಕ್ಕಿಸ್ತಾಳ. ಅದಕ್ಕ ಅಡಿಗಿಮನಿಗೇ ಬಿಡಂಗಿಲ್ರಿ. ಒಬ್ಬಾಕಿನ್ನ ಹೊರಗೂ ಕಳಸಂಗಿಲ್ಲ. ಏನರ ಹೇಳಿದ್ರ ಮೈಮ್ಯಾಲೇ ಬರ್ತಾಳ. ಈ ಸಿಟ್ಟೂ ರೋಗನ ಅಲ್ಲೇನ್ರಿ?”

ಬಸಲಿಂಗಮ್ಮ ತುಟಿ ಬಿಗಿದು ಗೋಡೆ ನೋಡುತ್ತಿದ್ದರು.

ಶಾಲ್ಮಲಾ ಬಸಲಿಂಗಮ್ಮ ಅವರಿಗೆ ಐದು ಶಬ್ದ ಹೇಳಿ, ನೆನಪಿಟ್ಟುಕೊಳ್ಳಲು ಕೇಳಿದರು. ಸ್ವಲ್ಪ ಹೊತ್ತು ಬೇರೆ ಮಾತಾಡಿ, “ಆಗ ಹೇಳಿದ ಶಬ್ದ ಈಗ ಹೇಳ್ತೀರೇನ್ರಿ ಅಮ್ಮಾ?” ಎಂದು ಕೇಳಿದರು.

“ಬಾವಿ… ಕನ್ನಡಿ…”

“ಲಗೂ ಹೇಳವ್ವಾ!” ಎಂದ ಮಗ.

“ಶು…” ಮೂರನೆಯ ಶಬ್ದ ಬಸಲಿಂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು.

“ನೋಡ್ರಿ, ಮರ್ತಳು! ಮನ್ಯಾಗೂ ಹಿಂಗ ರೀ. ಪಾಪ, ಏನೂ ತಿಳಿಯಂಗಿಲ್ಲ ಆಕಿಗೆ.”

ಬಸಲಿಂಗಮ್ಮ ಟೇಬಲ್ ಮೇಲೆ ರಪ್ಪನೆ ಹೊಡೆದರು. “ಬಾಯಿ ಮುಚ್ಚಲೇ!”

“ನೋಡಿದ್ರ್ಯಾ ಮೇಡಂ?” ಎಂದು ಮಗ ನಕ್ಕ.

ಆ ನಗು ಕಂಡು ಶಾಲ್ಮಲಾಗೆ ಮೈಯೆಲ್ಲಾ ಉರಿಯಿತು.

“ನೀವು ಹೊರಗ ಕುಂದರ್ರಿ.”

ಬಾಗಿಲು ಮುಚ್ಚಿತು. “ಸಿಟ್ಟು ಯಾಕ ಬಂತ್ರಿ ಅಮ್ಮಾ?”

ಶಾಲ್ಮಲಾ ಸುಮ್ಮನೆ ಕಾದರು.

“ಮನಿಗೆ ಬಂದವರು ‘ಅವ್ವಾರು ಆರಾಮ ಅದಾರೇನು’ ಅಂತ ಮಗನ್ನ ಕೇಳ್ತಾರ. ನಾ ಅಲ್ಲೇ ಕುಂತಿರ್ತೀನಿ! ನಾನೇನು ಕಪಾಟ? ಒಂದು ಮಾತು ಹುಡುಕೂದ್ರಾಗ ಇವರೇ ಮುಗಿಸಿಬಿಡ್ತಾರ… ಹಾಲು ಯಾರ ಮನ್ಯಾಗ ಉಕ್ಕಿಲ್ರಿ? ಸೊಸಿ ಉಕ್ಕಿಸಿದ್ರ ಅವಸರ. ನಾ ಉಕ್ಕಿಸಿದ್ರ ಮರವು!”

ಹೇಳುತ್ತಲೇ ಅವರ ಕಣ್ಣು ತುಂಬಿತು…

ಶಾಲ್ಮಲಾ ಹೊಸದಾಗಿ ಐದು ಶಬ್ದ ಕೊಟ್ಟರು. ಈ ಸಲ ಯಾರೂ ಅವಸರ ಮಾಡಲಿಲ್ಲ. ನಿಧಾನವಾಗಿ, ಒಂದರ ಹಿಂದೆ ಒಂದು, ನಾಲ್ಕು ಬಂದವು.

“ಇನ್ನೊಂದು ಬರವಲ್ದು ನೋಡ್ರಿ,” ಎಂದರು ಬಸಲಿಂಗಮ್ಮ, ಯಾವ ನಾಚಿಕೆಯೂ ಇಲ್ಲದೆ.

ಆಮೇಲೆ ಶಾಲ್ಮಲಾ ಮಗನನ್ನು ಒಳಗೆ ಕರೆದರು. ಅದೇ ಪರೀಕ್ಷೆ… ಈಗ ಅವನಿಗೆ!

“ಹಗ್ಗ… ಗಿಳಿ…”

“ಲಗೂ ಲಗೂ!” ಎಂದರು ಶಾಲ್ಮಲಾ.

“ಅದು… ಮತ್ತ…”

“ಅಯ್ಯ, ಮರ್ತ್ರೇನು? ನೋಡ್ರಿ ಅಮ್ಮಾ, ನಿಮ್ಮ ಮಗಗ ಈ ವಯಸ್ಸಿನ್ಯಾಗೇ ಹಿಂಗ… ಪಾಪ!”

ಗುರುಶಾಂತನ ಮುಖ ಕೆಂಪಾಯಿತು. “ಒಂಚೂರು ಸುಮ್ಮನಿರ್ರಿ ಮೇಡಂ! ನನಗ ವಿಚಾರ ಮಾಡಾಕ ಬಿಡ್ರಿ!”

ಶಾಲ್ಮಲಾ ಅವನನ್ನು ನೇರವಾಗಿ ನೋಡಿದರು.

“ಈ ಸಿಟ್ಟು ರೋಗೇನ್ರಿ?”

ಗುರುಶಾಂತ ತಲೆ ತಗ್ಗಿಸಿದ.

ಶಾಲ್ಮಲಾ ಮುಂದುವರಿಸಿದರು. “ವಯಸ್ಸಾದ್ರ ನೆನಪು ನಿಧಾನ ಬರ್ತೈತಿ. ನಿಧಾನ ಅಂದ್ರ ಇಲ್ಲ ಅಂತಲ್ಲ. ದಿನಾ ‘ನಿನಗ ಮರವು’ ಅಂತ ಚುಚ್ಚಿದ್ರ ಗೊತ್ತಿದ್ದದ್ದೂ ಬಾಯಿಗೆ ಬರಂಗಿಲ್ಲ. ಇನ್ನೂ ಪರೀಕ್ಷೆ ಮಾಡೋಣು. ನಾಳೆ ಖರೇನ ಮರವಿನ ರೋಗ ಬಂದ್ರೂ ಬರಬಹುದು. ಬಂದ್ರೂ… ಅವರು ಎದುರಿಗಿದ್ದಾಗ ಅವರು ಇಲ್ಲ ಅನ್ನೂಹಂಗ ಮಾತಾಡಬ್ಯಾಡ್ರಿ!”

“ಅವ್ವಾ…” ಗುರುಶಾಂತ ಅಳುತ್ತಾ ತಾಯಿಯ ಕೈ ಹಿಡಿದ.

ಬಸಲಿಂಗಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಕರಗಲೂ ಇಲ್ಲ.

“ಅಳೂದು ಆಮ್ಯಾಲ. ಮೊದ್ಲ ಕೇಳೂದು ಕಲಿ.”

ಹೊರಗೆ ಆಟೋದವನು ಮಗನನ್ನು ಕೇಳಿದ, “ಅಜ್ಜಿನ್ನ ಎಲ್ಲಿಗೆ ಬಿಡಬೇಕ್ರಿ ಅಣ್ಣಾರ?”

ಗುರುಶಾಂತ ಅಭ್ಯಾಸಬಲದಿಂದ ಬಾಯಿ ತೆರೆದ… ನಿಲ್ಲಿಸಿದ.

“ಅವ್ವಗ ಕೇಳ್ರಿ.”

ಬಸಲಿಂಗಮ್ಮ ಹತ್ತಿ ಕುಳಿತು, ಸೆರಗು ಸರಿಮಾಡಿಕೊಂಡು, ತಮಗೆ ಬೇಕಾದಷ್ಟು ಹೊತ್ತು ಯೋಚಿಸಿದರು. ಯಾರೂ ಬಾಯಿ ಹಾಕಲಿಲ್ಲ.

“ಮಾರ್ಕೆಟ್‌ಗೆ ನಡಿ. ನನಗ ಅಲ್ಲಿ ಕೆಲಸ ಐತಿ.”

*ಹಿರಿಯರ ಮಾತು ತಡವಾಗಿ ಬರಬಹುದು… ಅದನ್ನು ಅವರ ಬಾಯಿಂದ ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.*

ಇವತ್ತು ನಿಮ್ಮ ಮನೆಯ ಹಿರಿಯರು ಶುರು ಮಾಡಿದ ಮಾತನ್ನು ಮುಗಿಸಿದವರು ಯಾರು… ಅವರೋ, ನೀವೋ?