ಅಪ್ಪನ್ನ ಕರ್ಕೊಂಡು ಬಾ

ಕೆಮಿಸ್ಟ್ರಿ ಪಾಠದ ನಡುವೆ ತೂಕಡಿಸಿದವಳನ್ನು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು.

"ಬಿಎಸ್ಸಿಯ ಆರು ಪೇಪರು, ಅದರ ಮೇಲೆ ನರ್ಸಿಂಗ್ ಎಂಟ್ರೆನ್ಸು. ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನ ಬಿಡು."

"ಬಿಡಲ್ಲ ಸರ್."

"ನರ್ಸ್ ಅಂದ್ರೆ ಬರೀ ಬಿಳಿ ಬಟ್ಟೆ ಅಂದ್ಕೊಂಡ್ಯಾ? ಆಳೆತ್ತರದ ಗಂಡಸರನ್ನ ಎತ್ತಿ ಕೂರಿಸ್ಬೇಕು. ಈ ಕಡ್ಡಿ ಮೈಗೆ ಆಗುತ್ತಾ?"

ಹುಡುಗರು ನಕ್ಕರು.

"ಆಗುತ್ತೆ ಸರ್."

"ಎದುರುತ್ತರ ಬೇರೆ. ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ, ಇಲ್ಲಾಂದ್ರೆ ಕ್ಲಾಸಿಗೆ ಬರ್ಬೇಡ."

"ಅಪ್ಪಂಗೆ ಬರಕ್ಕಾಗಲ್ಲ ಸರ್."

"ಎಲ್ರೂ ಹೇಳೋದೇ ಇದು."

ಮರುದಿನ ಎರಡು ಮಹಡಿ ಹತ್ತಿ ಬಂದು ಅವಳು ತರಗತಿಯ ಬಾಗಿಲಲ್ಲಿ ನಿಂತಳು. ಬೆನ್ನ ಮೇಲೆ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅಪ್ಪ. ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟಿದ್ದರು.

"ಕರ್ಕೊಂಡು ಬಂದಿದ್ದೀನಿ ಸರ್. ಎಲ್ಲಿ ಕೂರಿಸ್ಲಿ?"